ಸೀಸನ್ ಬೇರೆ, ಕೂರು ಬೇರೆ

"ದುರಾರಾರಾ ಎರಡನೇ ಸೀಸನ್ ನೋಡಿದೆ. ಹನ್ನೆರಡು ಎಪಿಸೋಡಿಗೆ ನಿಂತುಬಿಡ್ತು, ತಲೆಬುಡ ಗೊತ್ತಾಗಲಿಲ್ಲ." ಈ ಮಾತನ್ನು ಈ ವಾರ ಮತ್ತೊಬ್ಬರು ಹೇಳಿದರು. ಅವರು ನೋಡಿದ್ದು ಎರಡನೇ ಸೀಸನ್ ಅಲ್ಲ, ಅದರ ಮೂರನೇ ಒಂದು ಪಾಲು. ಇನ್ನೂ 24 ಎಪಿಸೋಡು ಬಾಕಿ ಇವೆ. ನನಗೆ ಬಹಳ ಇಷ್ಟವಾದ ಅನಿಮೆ (ಜಪಾನಿನ ಕಾರ್ಟೂನ್) ಸರಣಿ ಇದು. ಒಂದು ಪದದ ಗೊಂದಲದಿಂದ ಜನ ಅದನ್ನು ನಡುದಾರಿಯಲ್ಲಿ ಬಿಟ್ಟು ಎದ್ದು ಹೋಗುತ್ತಾರಲ್ಲ, ಅದೇ ಬೇಸರ.

ನಮಗೆ 'ಸೀಸನ್' ಹೊಸ ಪದವೇನಲ್ಲ. ಮಾವಿನ ಸೀಸನ್, ಮದುವೆ ಸೀಸನ್ ಅಂತ ದಿನಾ ಹೇಳುತ್ತೇವೆ. ಟಿವಿ ವಿಷಯಕ್ಕೆ ಬಂದರೆ ಬಿಗ್ ಬಾಸ್ ನಮಗೆ ಈ ಪದ ಕಲಿಸಿತು: ಒಂದು ಸೀಸನ್ ಅಂದರೆ ಒಂದು ಆಟ, ಗೆದ್ದವರು ಯಾರೆಂದು ಗೊತ್ತಾದ ಮೇಲೆ ಎಲ್ಲರೂ ಮನೆಗೆ. ಈ ಪದದ ಬೇರು ಲ್ಯಾಟಿನ್‌ನಲ್ಲಿದೆ. ಅಲ್ಲಿ ಅದಕ್ಕೆ 'ಬಿತ್ತನೆ' ಎಂಬ ಅರ್ಥ. ಬಿತ್ತನೆಯಿಂದ ಬಿತ್ತುವ ಕಾಲ, ಅಲ್ಲಿಂದ ಯಾವುದೇ ಕಾಲ. ನಮ್ಮ ರೈತರ 'ಹಂಗಾಮು' ಇದಕ್ಕೆ ತುಂಬಾ ಹತ್ತಿರದ ಪದ. ಮುಂಗಾರು ಹಂಗಾಮು ಅಂದಾಗ ಮಳೆಯ ತಿಂಗಳುಗಳೂ ಸೇರುತ್ತವೆ, ಆ ತಿಂಗಳುಗಳಲ್ಲಿ ನಡೆಯುವ ಕೆಲಸವೂ ಸೇರುತ್ತದೆ. ಗೊಂದಲ ಶುರುವಾಗುವುದು ಇಲ್ಲೇ. ಅನಿಮೆ ನೋಡುವವರು 'ಸೀಸನ್' ಅನ್ನುವಾಗಲೂ ಒಮ್ಮೆ ತಿಂಗಳುಗಳನ್ನು ಹೇಳುತ್ತಾರೆ, ಒಮ್ಮೆ ಕೆಲಸವನ್ನು ಹೇಳುತ್ತಾರೆ.

ಜಪಾನಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಪದ ಇವೆ. ಅಲ್ಲಿನ ಟಿವಿಯವರು ವರ್ಷವನ್ನು ನಾಲ್ಕು ಭಾಗ ಮಾಡುತ್ತಾರೆ: ಜನವರಿಯಿಂದ ಚಳಿಗಾಲ, ಏಪ್ರಿಲ್‌ನಿಂದ ವಸಂತ, ಜುಲೈನಿಂದ ಬೇಸಿಗೆ, ಅಕ್ಟೋಬರ್‌ನಿಂದ ಶರತ್ಕಾಲ. 52 ವಾರಕ್ಕೆ ನಾಲ್ಕು ಪಾಲು, ಪಾಲಿಗೆ 13 ವಾರ. ವಾರಕ್ಕೊಂದರಂತೆ ಹೆಚ್ಚುಕಡಿಮೆ 12 ಅಥವಾ 13 ಎಪಿಸೋಡು. ಈ ಒಂದು ಪಾಲಿಗೆ 'ಕೂರು' ಎನ್ನುತ್ತಾರೆ. ಪಾಠಸರಣಿ ಎಂಬ ಅರ್ಥದ ಫ್ರೆಂಚ್ ಪದ 'ಕೂರ್' ಇದರ ಮೂಲ ಎನ್ನುವುದು ಸಾಮಾನ್ಯವಾಗಿ ಕೊಡುವ ವಿವರಣೆ. ಇಂಗ್ಲಿಷಿನ 'ಕೂಲ್' ಅನ್ನೂ ಜಪಾನೀಯರು ಇದೇ ಅಕ್ಷರಗಳಲ್ಲಿ ಬರೆಯುತ್ತಾರೆ, ಆದರೆ ಎರಡಕ್ಕೂ ಸಂಬಂಧವಿಲ್ಲ. ನಮ್ಮಲ್ಲಿ ಕೆಲವರು 'ಕೋರ್' ಅನ್ನುತ್ತಾರೆ. ಅದೂ ತಪ್ಪು. ಕನ್ನಡದವರಿಗೆ ಇದನ್ನು ನೆನಪಿಡುವುದು ಸುಲಭ, ಅಲ್ವಾ? ಒಂದು ಕೂರು ಅಂದರೆ ಒಂದು ಭಾನುವಾರ ಪೂರ್ತಿ ಕೂತು ನೋಡಿ ಮುಗಿಸುವಷ್ಟು.

ನಾವು ಸೀಸನ್ ಅನ್ನುವುದಕ್ಕೆ ಅವರ ಪದ 'ಕಿ', ಅಂದರೆ ಅವಧಿ. ಒಂದು ಕಿಯಲ್ಲಿ ಒಂದು ಕೂರು ಇರಬಹುದು, ಎರಡು ಇರಬಹುದು, ಮೂರೂ ಇರಬಹುದು. ಕೂರುಗಳು ಒಂದರ ಹಿಂದೆ ಒಂದು ಬರಲೇಬೇಕು ಅಂತಲೂ ಇಲ್ಲ. ನಡುವೆ ಬಿಡುವು ಕೊಟ್ಟರೆ ಅದು 'ಸ್ಪ್ಲಿಟ್ ಕೂರ್', ಅಂದರೆ ಒಡೆದ ಕೂರು. ಬಿಡುವು ಕೊಟ್ಟ ಮಾತ್ರಕ್ಕೆ ಸೀಸನ್ ಬದಲಾಗುವುದಿಲ್ಲ.

ಈಗ ದುರಾರಾರಾಕ್ಕೆ ಬರೋಣ. ಮೊದಲ ಸೀಸನ್ 2010ರ ಜನವರಿಯಿಂದ ಜೂನ್‌ವರೆಗೆ ಬಂತು. ಎರಡು ಕೂರು, 24 ಎಪಿಸೋಡು. ಐದು ವರ್ಷದ ನಂತರ ಎರಡನೆಯದು ಬಂತು. ಅದರ ಮೂರು ಕೂರುಗಳಿಗೆ ಶೋ, ತೆನ್, ಕೆತ್ಸು ಎಂದು ಹೆಸರು. 2015ರ ಜನವರಿಯಲ್ಲಿ ಶೋ, ಜುಲೈನಲ್ಲಿ ತೆನ್, 2016ರ ಜನವರಿಯಲ್ಲಿ ಕೆತ್ಸು. ತಲಾ 12, ಒಟ್ಟು 36. ಹೆಸರು ಬೇರೆ ಬೇರೆ, ನಡುವೆ ತಿಂಗಳುಗಟ್ಟಲೆ ಅಂತರ. ಹಾಗಾಗಿ ಜನ ಸುಮ್ನೆ ಎರಡು, ಮೂರು, ನಾಲ್ಕು ಅಂತ ಎಣಿಸಿಬಿಟ್ಟರು.

ಆದರೆ ಆ ಹೆಸರುಗಳೇ ಉತ್ತರ ಹೇಳುತ್ತವೆ. ಅವು 'ಕಿ-ಶೋ-ತೆನ್-ಕೆತ್ಸು' ಎಂಬ ಹಳೆಯ ಕಟ್ಟಿನಿಂದ ಬಂದವು. ಚೀನಾದ ನಾಲ್ಕು ಸಾಲಿನ ಪದ್ಯದಿಂದ ಜಪಾನಿಗೆ ಬಂದ ಕಟ್ಟು ಅದು. ಮೊದಲ ಸಾಲು ವಿಷಯ ಎತ್ತುತ್ತದೆ, ಎರಡನೆಯದು ಅದನ್ನು ಮುಂದಕ್ಕೆ ಒಯ್ಯುತ್ತದೆ, ಮೂರನೆಯದು ತಿರುಗಿಸುತ್ತದೆ, ನಾಲ್ಕನೆಯದು ಗಂಟು ಹಾಕುತ್ತದೆ. ಅಲ್ಲಿನ ನಾಲ್ಕು ಚೌಕದ ಕಾಮಿಕ್ಸ್ ನಡೆಯುವುದೂ ಹೀಗೆಯೇ. (ಈ 'ಕಿ' ಆರಂಭ ಎಂಬರ್ಥದ್ದು, ಅವಧಿಯ 'ಕಿ' ಬೇರೆ. ಉಚ್ಚಾರ ಒಂದೇ, ಬರೆಯುವ ಅಕ್ಷರ ಬೇರೆ.) ಮೊದಲ ಸೀಸನ್ ಅನ್ನು 'ಕಿ' ಎಂದುಕೊಂಡರೆ, 'ಶೋ' ನೋಡಿ ಎದ್ದು ಹೋದವರು ಪದ್ಯದ ಎರಡನೇ ಸಾಲಿಗೇ ಎದ್ದು ಹೋದ ಹಾಗೆ.

ಶೋದಲ್ಲಿ ಹೊಸ ಮುಖಗಳು ಜಾಸ್ತಿ. ಅಓಬಾ ಬರುತ್ತಾನೆ, ವೊರೊನಾ ಬರುತ್ತಾಳೆ, ಕಥೆ ನಡೆಯುವ ಟೋಕಿಯೋದ ಇಕೆಬುಕುರೊದ ಬೀದಿಗಳು ತುಂಬಿಹೋಗುತ್ತವೆ. ಕಥೆಯ ಮುಖ್ಯ ಹುಡುಗ ಮಿಕಾಡೊ ಮೆಲ್ಲಗೆ ಬೇರೆ ದಾರಿ ಹಿಡಿಯುತ್ತಾನೆ. ಯಾವುದಕ್ಕೂ ಅಲ್ಲಿ ಪರಿಹಾರ ಸಿಗುವುದಿಲ್ಲ, ಸಿಗಲೂಬಾರದು. ಅದು ನಿಜಕ್ಕೂ ಬಿತ್ತನೆಯ ಕಾಲ. ನನಗಂತೂ ಈ ನಿಧಾನವೇ ಇಷ್ಟ. ತಲೆಯಿಲ್ಲದ ಸೆಲ್ಟಿ ಕಪ್ಪು ಬೈಕಿನಲ್ಲಿ ಹಾದುಹೋಗುವಾಗ ಈ ಊರಿನಲ್ಲಿ ಅವಳೊಬ್ಬಳೇ ನೆಟ್ಟಗಿರುವವಳು ಅನ್ನಿಸುತ್ತದೆ. ಆ ಭಾವ ಗಟ್ಟಿಯಾಗಲು 36 ಎಪಿಸೋಡು ಬೇಕು.

ಇಂಥದೇ ಇನ್ನೊಂದು ತಪ್ಪೂ ನಡೆಯುತ್ತದೆ. ಜುಜುತ್ಸು ಕೈಸೆನ್ ಎಂಬ ಇನ್ನೊಂದು ಅನಿಮೆಯ ಎರಡನೇ ಸೀಸನ್ 2023ರ ಜುಲೈನಿಂದ ಡಿಸೆಂಬರ್‌ವರೆಗೆ ಬಂತು. 23 ಎಪಿಸೋಡು. ಮೊದಲ ಐದರಲ್ಲಿ ಗೊಜೊ, ಗೆತೊ ಅವರ ಹಳೆಯ ಕಥೆ, ಆಮೇಲೆ ಶಿಬುಯಾ. ನಡುವೆ ಕೆಲವು ವಾರ ಬಿಡುವಿತ್ತು. ಅಷ್ಟಕ್ಕೇ ಶಿಬುಯಾವನ್ನು 'ಮೂರನೇ ಸೀಸನ್' ಎಂದವರಿದ್ದಾರೆ. ಅಲ್ಲ. ಶಿಬುಯಾ ಒಂದು ಕಥಾಭಾಗ. ಅದು ಐದನೇ ಎಪಿಸೋಡಿನ ಮರುವಾರಗಳಲ್ಲೇ ಶುರುವಾಯಿತು, ಕೂರು ಬದಲಾಗುವವರೆಗೂ ಕಾಯಲಿಲ್ಲ.

ಇನ್ನು ಅಟ್ಯಾಕ್ ಆನ್ ಟೈಟನ್‌ನ 'ಫೈನಲ್ ಸೀಸನ್' 2020ರ ಡಿಸೆಂಬರ್‌ನಲ್ಲಿ ಶುರುವಾಗಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಒಂದೇ 'ಸೀಸನ್' ಹತ್ತಿರ ಹತ್ತಿರ ಮೂರು ವರ್ಷ. ಆ ಗೊಂದಲಕ್ಕೆ ಹೊಣೆ ನೋಡುಗರದ್ದಲ್ಲ, ಹೆಸರಿಟ್ಟವರದ್ದು.

ಹಾಗಾಗಿ ಯಾರಾದರೂ ತೆನ್ ನೋಡುತ್ತಿದ್ದರೆ "ದುರಾರಾರಾ ಮೂರನೇ ಸೀಸನ್ ನೋಡ್ತಿದ್ದೀನಿ" ಅನ್ನಬೇಡಿ. "ಎರಡನೇ ಸೀಸನ್, ಎರಡನೇ ಕೂರು" ಅನ್ನಿ. ಕೇಳಿದವರಿಗೆ ಮುಂದೆ ಇನ್ನೂ ಹನ್ನೆರಡು ಇವೆ ಅಂತ ಗೊತ್ತಾಗುತ್ತದೆ.