ಡೆರೊಗೇಶನ್: ತುರ್ತು ಪರಿಸ್ಥಿತಿಯಲ್ಲಿ ಹಕ್ಕುಗಳನ್ನು ಎಷ್ಟರಮಟ್ಟಿಗೆ ಬದಿಗಿಡಬಹುದು?

ರಾಷ್ಟ್ರದ ಉಳಿವಿಗೇ ಕುತ್ತು ಬಂದಾಗ, ಮಾನವ ಹಕ್ಕುಗಳ ಒಪ್ಪಂದದಡಿ ಹೊತ್ತ ಕೆಲವು ಹೊಣೆಗಳನ್ನು ಸರ್ಕಾರ ತಾತ್ಕಾಲಿಕವಾಗಿ ಬದಿಗಿಡಲು ಆ ಒಪ್ಪಂದವೇ ಕೊಡುವ ಅವಕಾಶಕ್ಕೆ ಡೆರೊಗೇಶನ್ ಎನ್ನುತ್ತಾರೆ. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 4ನೇ ವಿಧಿ, ಯುರೋಪಿನ ಮಾನವ ಹಕ್ಕುಗಳ ಒಪ್ಪಂದದ 15ನೇ ವಿಧಿ ಇದಕ್ಕೆ ಆಧಾರ.

ಇದನ್ನು ಸಾಮಾನ್ಯ ನಿರ್ಬಂಧದೊಂದಿಗೆ ಬೆರೆಸುವುದು ವಿದ್ಯಾರ್ಥಿಗಳ ಉತ್ತರಪತ್ರಿಕೆಯಲ್ಲಷ್ಟೇ ಅಲ್ಲ, ಸರ್ಕಾರಿ ಹೇಳಿಕೆಗಳಲ್ಲೂ ಕಾಣುತ್ತದೆ. ಸಭೆ ಸೇರುವ ಹಕ್ಕಿಗೆ (ಒಡಂಬಡಿಕೆಯ 21ನೇ ವಿಧಿ) ಸಾರ್ವಜನಿಕ ಆರೋಗ್ಯ, ಸುವ್ಯವಸ್ಥೆಯಂಥ ಕಾರಣಗಳಿಗೆ ಕಾನೂನಿನ ಮೂಲಕ ಮಿತಿ ಹಾಕಬಹುದು. ಅದಕ್ಕೆ ತುರ್ತು ಘೋಷಣೆಯೇನೂ ಬೇಡ. ಈ ದಾರಿಯಲ್ಲೇ ಕೆಲಸ ಆಗುವುದಾದರೆ ಡೆರೊಗೇಶನ್‌ನ ಅಗತ್ಯವೇ ಬೀಳುವುದಿಲ್ಲ.

4ನೇ ವಿಧಿಯನ್ನು ಬಳಸಬೇಕಾದರೆ ತುರ್ತು ಪರಿಸ್ಥಿತಿಯನ್ನು ಮೊದಲು ಅಧಿಕೃತವಾಗಿ ಘೋಷಿಸಿರಬೇಕು. ಯಾವ ವಿಧಿಗಳನ್ನು, ಯಾವ ಕಾರಣಕ್ಕೆ ಬದಿಗಿಟ್ಟಿದ್ದೇವೆ ಎಂಬುದನ್ನು ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯ ಮೂಲಕ ಒಡಂಬಡಿಕೆಗೆ ಸೇರಿದ ಉಳಿದ ದೇಶಗಳಿಗೆ ತಕ್ಷಣ ತಿಳಿಸಬೇಕು. ಮುಗಿದ ದಿನಾಂಕವನ್ನೂ ತಿಳಿಸಬೇಕು. ಕೈಗೊಂಡ ಕ್ರಮ ಜನಾಂಗ, ಬಣ್ಣ, ಲಿಂಗ, ಭಾಷೆ, ಧರ್ಮ ಅಥವಾ ಸಾಮಾಜಿಕ ಮೂಲವೊಂದನ್ನೇ ನೋಡಿ ತಾರತಮ್ಯ ಮಾಡುವಂತಿಲ್ಲ. ದೇಶದ ಇತರ ಅಂತರರಾಷ್ಟ್ರೀಯ ಹೊಣೆಗಳಿಗೂ ಅದು ವಿರುದ್ಧವಾಗಿರಬಾರದು.

ಜೀವಿಸುವ ಹಕ್ಕು, ಚಿತ್ರಹಿಂಸೆಯ ನಿಷೇಧ, ಗುಲಾಮಗಿರಿಯ ನಿಷೇಧ, ಸಾಲ ತೀರಿಸಲಾಗದ್ದಕ್ಕೆ ಜೈಲಿಗೆ ಹಾಕದಿರುವುದು, ಪೂರ್ವಾನ್ವಯ ದಂಡನೆಯ (ಮಾಡಿದಾಗ ಅಪರಾಧವಲ್ಲದ ಕೃತ್ಯಕ್ಕೆ ನಂತರದ ಕಾನೂನಿನಡಿ ಶಿಕ್ಷೆ) ನಿಷೇಧ, ಕಾನೂನಿನ ಮುಂದೆ ವ್ಯಕ್ತಿಯೆಂಬ ಮಾನ್ಯತೆ, ಆತ್ಮಸಾಕ್ಷಿ ಮತ್ತು ಧರ್ಮದ ಸ್ವಾತಂತ್ರ್ಯ: ಇವನ್ನು ಯಾವ ತುರ್ತಿನಲ್ಲೂ ಬದಿಗಿಡುವಂತಿಲ್ಲ. ಹಾಗೆಂದು ಇವೆಲ್ಲ ಮಿತಿಯೇ ಇಲ್ಲದ ಹಕ್ಕುಗಳೂ ಅಲ್ಲ. ಧಾರ್ಮಿಕ ಆಚರಣೆಗೆ 18(3)ನೇ ವಿಧಿಯಡಿ ಮಾಮೂಲಿ ದಿನಗಳಲ್ಲೇ ನಿರ್ಬಂಧ ಸಾಧ್ಯ. ಪಟ್ಟಿ ಇಲ್ಲಿಗೇ ಮುಗಿಯುವುದೂ ಇಲ್ಲ: ಬಂಧನದ ಕಾನೂನುಬದ್ಧತೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವ ದಾರಿಯನ್ನು ಡೆರೊಗೇಶನ್ ಮುಚ್ಚಬಾರದು ಎಂದು ಒಡಂಬಡಿಕೆಯ ಪಾಲನೆಯನ್ನು ನೋಡಿಕೊಳ್ಳುವ ಮಾನವ ಹಕ್ಕುಗಳ ಸಮಿತಿ 2001ರ ತನ್ನ 29ನೇ ಸಾಮಾನ್ಯ ಟಿಪ್ಪಣಿಯಲ್ಲಿ ಹೇಳಿದೆ.

ಸರ್ಕಾರಗಳು ಹೆಚ್ಚಾಗಿ ಮುಗ್ಗರಿಸುವುದು ಮಾತ್ರ ಬೇರೆಡೆ. ಪ್ರತಿಯೊಂದು ಕ್ರಮವೂ ‘ಪರಿಸ್ಥಿತಿಗೆ ಕಟ್ಟುನಿಟ್ಟಾಗಿ ಬೇಕಾದಷ್ಟೇ’ ಇರಬೇಕು ಎಂಬ ಷರತ್ತಿನಲ್ಲಿ. ತುರ್ತು ಇದೆಯೋ ಇಲ್ಲವೋ ಎಂಬ ಪ್ರಶ್ನೆಯಲ್ಲಿ ನ್ಯಾಯಾಲಯಗಳು ಸಾಮಾನ್ಯವಾಗಿ ಸರ್ಕಾರದ ಮಾತಿಗೆ ಮನ್ನಣೆ ಕೊಡುತ್ತವೆ (1969ರ ಗ್ರೀಕ್ ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕುಗಳ ಆಯೋಗ, ತುರ್ತು ಇದೆ ಎಂಬ ಮಿಲಿಟರಿ ಆಡಳಿತದ ವಾದವನ್ನು ತಳ್ಳಿಹಾಕಿದ್ದು ಅಪರೂಪ). ಆದರೆ ಕ್ರಮವನ್ನು ಬಿಡಿಬಿಡಿಯಾಗಿ ತೂಗಿ ನೋಡುತ್ತವೆ. 2001ರ ಸೆಪ್ಟೆಂಬರ್ ದಾಳಿಯ ನಂತರ ಬ್ರಿಟನ್, ಭಯೋತ್ಪಾದನೆಯ ಶಂಕೆಯಿದ್ದು ಗಡೀಪಾರು ಮಾಡಲಾಗದ ವಿದೇಶಿಯರನ್ನು ವಿಚಾರಣೆಯಿಲ್ಲದೆ, ಅವಧಿಯ ಮಿತಿಯಿಲ್ಲದೆ ಬಂಧನದಲ್ಲಿಡುವ ಕಾನೂನು ತಂದಿತು. ಅದಕ್ಕಾಗಿ ಯುರೋಪಿನ ಒಪ್ಪಂದದ 5ನೇ ವಿಧಿಯಿಂದ (ವ್ಯಕ್ತಿಸ್ವಾತಂತ್ರ್ಯದ ಹಕ್ಕು) ಡೆರೊಗೇಶನ್ ಘೋಷಿಸಿತು. 2004ರ ಡಿಸೆಂಬರ್‌ನಲ್ಲಿ ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನ ನ್ಯಾಯಾಧೀಶರಲ್ಲಿ ಬಹುತೇಕರು ತುರ್ತನ್ನು ಒಪ್ಪಿಕೊಂಡರೂ ಬಂಧನವನ್ನು ಒಪ್ಪಲಿಲ್ಲ. ಅದೇ ಶಂಕೆಗೊಳಗಾದ ಬ್ರಿಟಿಷ್ ಪ್ರಜೆ ಹೊರಗೇ ಇದ್ದ. ವಿದೇಶಿಯೂ ಬೇರೆ ದೇಶ ಸೇರಿಸಿಕೊಂಡರೆ ಹೊರಟುಹೋಗಬಹುದಿತ್ತು. ಅಷ್ಟು ಅಪಾಯಕಾರಿಯಾದವನನ್ನು ಹೋಗಲು ಬಿಡುವುದಾದರೆ ಬಂಧನ ಅನಿವಾರ್ಯ ಎನ್ನುವುದು ಹೇಗೆ? ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ 2009ರಲ್ಲಿ, ಈ ಕ್ರಮ ಮಿತಿ ಮೀರಿದ್ದು, ತಾರತಮ್ಯದ್ದು ಎಂದೇ ತೀರ್ಪಿತ್ತಿತು.

ಎಲ್ಲ ಒಪ್ಪಂದಗಳಲ್ಲೂ ಈ ಅವಕಾಶವಿಲ್ಲ. 1981ರ ಆಫ್ರಿಕನ್ ಮಾನವ ಹಕ್ಕುಗಳ ಸನ್ನದಿನಲ್ಲಿ ಡೆರೊಗೇಶನ್ ವಿಧಿಯೇ ಇಲ್ಲ. ಹಾಗಾಗಿ ಅಂತರ್ಯುದ್ಧವೂ ಹಕ್ಕುಗಳ ಉಲ್ಲಂಘನೆಗೆ ನೆಪವಾಗದು ಎಂದು ಆಫ್ರಿಕನ್ ಮಾನವ ಹಕ್ಕುಗಳ ಆಯೋಗ ಚಾಡ್ ದೇಶದ ವಿರುದ್ಧದ ಪ್ರಕರಣದಲ್ಲಿ ಹೇಳಿತು.