250 ಚೀಲದ ತೂಕ ಬರೆದೆ, ಫೈಲ್ ಮಾತ್ರ 8 ಬೈಟ್! ಯಾಕೆ?

ಬ್ಯಾಡಗಿಯಿಂದ ಒಬ್ಬರು ಕೇಳಿದ್ದಾರೆ. ಫ್ರೀ ಪ್ಯಾಸ್ಕಲ್ ಅನ್ನುವ ಪ್ರೋಗ್ರಾಮಿಂಗ್ ಕಂಪೈಲರ್‌ನಲ್ಲಿ ಮೆಣಸಿನಕಾಯಿ ಚೀಲಗಳ ತೂಕವನ್ನು ಗ್ರಾಂ ಲೆಕ್ಕದಲ್ಲಿ ಡೈನಾಮಿಕ್ ಅರೇಗೆ (ಬೇಕಾದಷ್ಟು ಉದ್ದ ಮಾಡಬಹುದಾದ ಪಟ್ಟಿಗೆ) ತುಂಬಿಸಿ, ಬ್ಲಾಕ್‌ರೈಟ್‌ನಿಂದ, ಅಂದರೆ ಮೆಮೊರಿಯಲ್ಲಿರುವುದನ್ನು ಹಾಗೇ ಫೈಲಿಗೆ ಬರೆಯುವ ಆದೇಶದಿಂದ, ಬರೆದಿದ್ದಾರೆ. ಎಷ್ಟು ಬೈಟ್ ಅನ್ನುವುದಕ್ಕೆ ಸೈಜ್‌ಆಫ್(ತೂಕ) ಕೊಟ್ಟಿದ್ದಾರೆ, ಅದು ಒಂದು ಹೆಸರು ಎಷ್ಟು ಬೈಟ್ ಜಾಗ ಹಿಡಿಯುತ್ತದೆ ಅಂತ ಹೇಳುತ್ತದೆ. 250 ಚೀಲ, ಒಂದೊಂದಕ್ಕೆ 4 ಬೈಟ್, ಅಂದರೆ 1000 ಬೈಟ್ ಆಗಬೇಕಿತ್ತು. ಆದದ್ದು 8.

ಆ 8 ನೋಡಿದ ಕೂಡಲೇ ಕಾರಣ ಸಿಕ್ಕಿತು. ಡೈನಾಮಿಕ್ ಅರೇಯ ಹೆಸರಿನಲ್ಲಿ ಇರುವುದು ತೂಕಗಳಲ್ಲ, ಅವು ಮೆಮೊರಿಯಲ್ಲಿ ಎಲ್ಲಿವೆ ಅನ್ನುವ ವಿಳಾಸ. 64 ಬಿಟ್ ಯಂತ್ರದಲ್ಲಿ ವಿಳಾಸಕ್ಕೆ 8 ಬೈಟ್, ಸೈಜ್‌ಆಫ್ ಹೇಳುವುದೂ ಅಷ್ಟೇ. ಚೀಲ ಅಂಗಡಿಯಲ್ಲೇ ಬಿಟ್ಟು, ಅದರ ಚೀಟಿ ಮಾತ್ರ ಲಾರಿಗೆ ಹಾಕಿ ಕಳಿಸಿದ ಹಾಗಾಯ್ತು, ಅಲ್ವಾ? ಹೀಗೆ ಬರೆಯಿರಿ:

ಬ್ಲಾಕ್‌ರೈಟ್(ಎಫ್, ತೂಕ[0], ಲೆಂತ್(ತೂಕ) * ಸೈಜ್‌ಆಫ್(ಲಾಂಗ್‌ಇಂಟ್), ಬರೆದದ್ದು);

ಎಫ್ ಅಂದರೆ ಫೈಲ್, ಲೆಂತ್ ಅಂದರೆ ಅರೇಯಲ್ಲಿ ಎಷ್ಟು ತೂಕಗಳಿವೆ ಅನ್ನುವ ಲೆಕ್ಕ, ಲಾಂಗ್‌ಇಂಟ್ ಅಂದರೆ 4 ಬೈಟ್‌ನ ಪೂರ್ಣಾಂಕ.

ಆ [0] ಇದ್ದರೆ ಮೊದಲ ತೂಕದಿಂದಲೇ ಶುರುವಾಗುತ್ತದೆ. ಅರೇ ಖಾಲಿ ಇದ್ದರೆ ಮಾತ್ರ ಈ ಸಾಲಿಗೆ ಹೋಗಲೇಬೇಡಿ. ಇನ್ನು, ಇಂಟಿಜರ್ ಬದಲು ಲಾಂಗ್‌ಇಂಟ್ ಅಂತಲೇ ಬರೆಯಿರಿ, ಯಾಕೆಂದರೆ ಫ್ರೀ ಪ್ಯಾಸ್ಕಲ್‌ನ ಮೂಲ ಮೋಡ್‌ನಲ್ಲಿ ಇಂಟಿಜರ್ 2 ಬೈಟ್, ಡೆಲ್ಫಿ ಮೋಡ್‌ನಲ್ಲಿ 4.

ಇದಕ್ಕಿಂತ ಜಾಸ್ತಿ ತೊಂದರೆ ಕೊಡುವುದು ರೀರೈಟ್, ಅಂದರೆ ಬರೆಯಲು ಫೈಲ್ ತೆರೆಯುವ ಆದೇಶ. ಧಾರವಾಡದಲ್ಲಿ ಒಬ್ಬ ಹುಡುಗನಿಗೆ ಹೇಳಿಕೊಡುವಾಗ ಅರ್ಧ ದಿನ ಹೋಗಿದ್ದು ಇಲ್ಲೇ. ಟೈಪ್ ಇಲ್ಲದ ಫೈಲನ್ನು (ಒಳಗೆ ಯಾವ ಬಗೆಯ ಮಾಹಿತಿ ಅಂತ ಹೇಳದೆ, ಬರೀ file ಅಂತ ಘೋಷಿಸಿದ್ದನ್ನು) ಸುಮ್ನೆ ರೀರೈಟ್(ಎಫ್) ಅಂತ ತೆರೆದರೆ, ಒಂದು ರೆಕಾರ್ಡ್ ಅಂದರೆ 128 ಬೈಟ್ ಅಂತ ಪ್ಯಾಸ್ಕಲ್ ತಿಳಿದುಕೊಳ್ಳುತ್ತದೆ. ನೀವು 1000 ಅಂದರೆ 1,28,000 ಬೈಟ್ ಬರೆಯಲು ಹೊರಡುತ್ತದೆ, ತೂಕಗಳು ಮುಗಿದರೂ ನಿಲ್ಲದೆ ಪಕ್ಕದ ಮೆಮೊರಿಯಲ್ಲಿದ್ದ ಕಸವನ್ನೂ ಫೈಲಿಗೆ ತುಂಬುತ್ತದೆ, ಇಲ್ಲಾ ಪ್ರೋಗ್ರಾಂ ಅಲ್ಲೇ ಬಿದ್ದುಹೋಗುತ್ತದೆ. ರೀರೈಟ್(ಎಫ್, 1) ಅಂತ ಬರೆದರೆ ಲೆಕ್ಕ ಬೈಟ್‌ನಲ್ಲೇ ನಡೆಯುತ್ತದೆ. ಮತ್ತೆ ಓದಲು ಫೈಲ್ ತೆರೆಯುವ ರೀಸೆಟ್‌ಗೂ ಆ 1 ಬೇಕು.

ಬ್ಲಾಕ್‌ರೈಟ್ ಸಾಲಿನ ಕೊನೆಯಲ್ಲಿ 'ಬರೆದದ್ದು' ಕೊಟ್ಟರೆ, ನಿಜವಾಗಿ ಎಷ್ಟು ಬರೆಯಿತು ಅನ್ನುವ ಲೆಕ್ಕ ಅದರಲ್ಲಿ ಬರುತ್ತದೆ, ಅದನ್ನು ನೋಡಲೇಬೇಕು. 'ಬರೆದದ್ದು' ಕೊಡದಿದ್ದರೆ ಕಡಿಮೆ ಬರೆದಾಗ ಪ್ಯಾಸ್ಕಲ್ಲೇ ತಪ್ಪು ತೋರಿಸುತ್ತದೆ. ಕೊಟ್ಟರೆ ಆ ಕೆಲಸ ನಿಮ್ಮದು. 1000 ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ. ಕೆಲಸ ಮುಗಿದ ಮೇಲೆ ಫೈಲ್ ಮುಚ್ಚುವ ಕ್ಲೋಸ್‌ಫೈಲ್ ಮರೆಯಬೇಡಿ.

ಆಮೇಲೆ ಫೈಲನ್ನು ಹೆಕ್ಸ್ ಎಡಿಟರ್‌ನಲ್ಲಿ (ಒಂದೊಂದು ಬೈಟನ್ನೂ ಹದಿನಾರರ ಲೆಕ್ಕದ ಹೆಕ್ಸ್ ಅಂಕಿಗಳಲ್ಲಿ ತೋರಿಸುವ ಪ್ರೋಗ್ರಾಂನಲ್ಲಿ) ಒಮ್ಮೆ ತೆರೆದು ನೋಡಿ. ಮೊದಲ ಚೀಲ ಸರಿಯಾಗಿ 40 ಕೆಜಿ, ಅಂದರೆ 40,000 ಗ್ರಾಂ ಇದ್ದರೆ, ಮಾಮೂಲಿ ಪಿಸಿಯಲ್ಲಿ ಮೊದಲ ನಾಲ್ಕು ಬೈಟ್ 40 9ಸಿ 00 00 ಅಂತ ಕಾಣುತ್ತವೆ. 40,000 ಹೆಕ್ಸ್‌ನಲ್ಲಿ 9ಸಿ40, ಅದರ ಕಡಿಮೆ ಬೆಲೆಯ ಕೊನೆಯ ಬೈಟ್ ಮೊದಲು ಬರುವುದರಿಂದ ತಿರುವುಮುರುವು ಕಾಣುತ್ತದೆ, ಗಾಬರಿ ಬೇಡ, ನಿಮ್ಮ ತೂಕ ಸರಿಯಾಗೇ ಕೂತಿದೆ.