ಕಿವಿಮಾತು ಕೇಳುವ ಕಣ್ಣು

ಪಕ್ಕದಲ್ಲಿ ಏನೋ ದಬ್ ಅಂತ ಬಿದ್ದರೆ ಯಾರೂ ಯೋಚಿಸಿ ತಿರುಗುವುದಿಲ್ಲ. ಕಣ್ಣು ಆಗಲೇ ಅತ್ತ ಹೋಗಿರುತ್ತದೆ, ಅಲ್ವಾ? ಇದು ಕಲಿತದ್ದಾ, ಹುಟ್ಟಿನಿಂದಲೇ ಬಂದದ್ದಾ?

ಮೈಕೆಲ್ ವರ್ತೈಮರ್ ಎಂಬ ಮನಶ್ಶಾಸ್ತ್ರಜ್ಞ 1961ರಲ್ಲಿ ಒಂದು ಪುಟ್ಟ ವರದಿ ಪ್ರಕಟಿಸಿದರು. ಹುಟ್ಟಿ ಕೆಲವೇ ನಿಮಿಷವಾಗಿದ್ದ ಮಗುವಿನ ಒಂದು ಕಿವಿಯ ಬಳಿ ಒಮ್ಮೆ, ಇನ್ನೊಂದರ ಬಳಿ ಒಮ್ಮೆ ಟಿಕ್ ಅನ್ನಿಸಿ ನೋಡಿದ್ದರು. ಮಗು ಕಣ್ಣು ಹೊರಳಿಸಿದಾಗ ಹೆಚ್ಚಿನ ಸಲ ಸದ್ದು ಬಂದ ಕಡೆಗೇ ಹೊರಳಿಸಿತು. ಪರೀಕ್ಷೆ ನಡೆದದ್ದು ಒಂದೇ ಮಗುವಿನ ಮೇಲೆ, ನಿಜ. ಆದರೂ ಲೋಕವನ್ನೇ ಸರಿಯಾಗಿ ನೋಡಿರದ ಕಣ್ಣು ಅದು!

ಕೇಳಲು ಸುಲಭ, ಒಳಗಿನ ಲೆಕ್ಕ ಮಾತ್ರ ಜಟಿಲ. ಎಡಗಡೆಯ ಸದ್ದು ಎಡಗಿವಿಗೆ ಒಂದು ಚೂರು ಮೊದಲು ಮುಟ್ಟುತ್ತದೆ. ಈ ಅಂತರ ಸೆಕೆಂಡಿನ ಸಾವಿರದಲ್ಲೊಂದು ಭಾಗವೂ ಇರುವುದಿಲ್ಲ. ಅಷ್ಟರಿಂದಲೇ ಮಿದುಳು ದಿಕ್ಕು ಹಿಡಿಯಬೇಕು. ಇನ್ನೊಂದು ತೊಡಕೂ ಇದೆ. ಕಿವಿ ತಲೆಗೆ ಅಂಟಿಕೊಂಡಿದೆ, ಕಣ್ಣು ಗೂಡಿನೊಳಗೆ ಸುತ್ತುತ್ತಲೇ ಇರುತ್ತದೆ. ಹಾಗಾಗಿ ಕಿವಿಯ 'ಎಡ'ವೇ ಕಣ್ಣಿನ 'ಎಡ' ಆಗಬೇಕೆಂದಿಲ್ಲ. ಇವೆರಡನ್ನೂ ಹೊಂದಿಸುವ ಜಾಗಗಳಲ್ಲೊಂದು ನಡುಮಿದುಳಿನಲ್ಲಿರುವ ಸುಪೀರಿಯರ್ ಕಾಲಿಕ್ಯುಲಸ್. ಕಣ್ಣು ತಿರುಗಿದರೆ, ಸದ್ದಿನ ದಿಕ್ಕು ತೋರುವ ಅಲ್ಲಿನ ನಕ್ಷೆಯೂ ಸರಿಯುತ್ತದೆ ಎಂದು 1984ರಲ್ಲಿ ಜೇ ಮತ್ತು ಸ್ಪಾರ್ಕ್ಸ್ ಕೋತಿಗಳಲ್ಲಿ ತೋರಿಸಿದರು. ಬೆಳಕು, ಸದ್ದು ಎರಡೂ ಒಂದೇ ಕಡೆಯಿಂದ ಒಟ್ಟಿಗೆ ಬಂದರೆ ಇಲ್ಲಿನ ಜೀವಕೋಶಗಳು ಜಾಸ್ತಿ ಚುರುಕಾಗುತ್ತವೆ.

ಇಷ್ಟಾದರೂ ಕಣ್ಣೇ ಯಜಮಾನ ಎಂಬ ನಂಬಿಕೆ ಗಟ್ಟಿಯಾಗಿಯೇ ಇತ್ತು. ಅದಕ್ಕೆ ಕಾರಣವೂ ಇತ್ತು. 1976ರಲ್ಲಿ ಮೆಗರ್ಕ್ ಮತ್ತು ಮೆಕ್‌ಡೊನಾಲ್ಡ್ 'ಗ' ಎನ್ನುವ ತುಟಿಗಳ ಚಿತ್ರಕ್ಕೆ 'ಬ' ಎನ್ನುವ ದನಿ ಕೂಡಿಸಿದಾಗ, ಬಹಳ ಜನರಿಗೆ ಕೇಳಿಸಿದ್ದು 'ಡ'! ತುಟಿ ನೋಡಿದ ಕಣ್ಣು ಕಿವಿಯನ್ನೇ ಯಾಮಾರಿಸಿತ್ತು.

ಕಿವಿ ಈ ಸಾಲ ತೀರಿಸಿದ್ದು 1997ರಲ್ಲಿ. ಪರದೆಯ ಮೇಲೆ ಎರಡು ಚುಕ್ಕೆಗಳು ಎದುರುಬದುರಾಗಿ ಬರುತ್ತವೆ, ಸೇರುತ್ತವೆ, ದೂರವಾಗುತ್ತವೆ. ಸುಮ್ನೆ ನೋಡಿದರೆ ಸಾಮಾನ್ಯವಾಗಿ ಒಂದನ್ನೊಂದು ದಾಟಿಹೋದಂತೆ ಕಾಣುತ್ತದೆ. ಸೇರುವ ಹೊತ್ತಿಗೇ ಸರಿಯಾಗಿ ಟಕ್ ಅನ್ನಿಸಿ ನೋಡಿ. ಡಿಕ್ಕಿ ಹೊಡೆದು ವಾಪಸಾದಂತೆ ಕಾಣುವುದು ಹೆಚ್ಚುತ್ತದೆ. ಚಿತ್ರ ಅದೇ, ನೋಟ ಬೇರೆ. ಮೂರು ವರ್ಷದ ನಂತರ ಲಡನ್ ಶಾಮ್ಸ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ಒಂದೇ ಸಲ ಬೆಳಕು ಮಿಂಚಿಸಿ, ಜೊತೆಗೆ ಎರಡು ಬೀಪ್ ಕೇಳಿಸಿದರು. ನೋಡಿದವರು ಬೆಳಕು ಎರಡು ಸಲ ಮಿಂಚಿತು ಅಂದರು. ನನಗೆ ಇವೆಲ್ಲದರಲ್ಲಿ ಅತಿ ವಿಚಿತ್ರ ಅನ್ನಿಸುವುದು ಇದೇ. ಮೊದಲಿನದರಲ್ಲಿ ಕಂಡದ್ದರ ಅರ್ಥವಷ್ಟೇ ಬದಲಾಗಿತ್ತು, ಇಲ್ಲಿ ಇಲ್ಲದ ಬೆಳಕೇ ಕಂಡಿತು.

2018ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಿಂದ ಬಂದ ಸುದ್ದಿ ಈ ನಂಟನ್ನು ಕಿವಿಯ ಬಾಗಿಲಿಗೇ ತಂದಿತು. ಕಣ್ಣು ಅತ್ತಿತ್ತ ಸರಿದಾಗ ಕಿವಿತಮಟೆಗಳೂ ಅಲುಗುತ್ತವಂತೆ, ಒಂದು ಒಳಕ್ಕೆ, ಇನ್ನೊಂದು ಹೊರಕ್ಕೆ. ಕಣ್ಣು ಹೊರಡುವ ಸುಮಾರು 10 ಮಿಲಿಸೆಕೆಂಡ್ ಮೊದಲೇ ಈ ಅಲುಗಾಟ ಶುರುವಾಗಿರುತ್ತದೆ. ಅದೂ ಹೊರಗೆ ಯಾವ ಸದ್ದೂ ಇಲ್ಲದಿರುವಾಗ.